ಗಡುವಿನೊಳಗೇ ಬಂದ ಹಿಂಬರಹ

ದೆವ್ವ ಒಳಗೆ ಬಾರದಿರಲಿ ಎಂದು ಹಿಂದೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಸರ್ಕಾರಿ ಕಚೇರಿಗಳು ಅದೇ ಮಾತನ್ನು ಅರ್ಜಿದಾರರಿಗೆ ಹೇಳುತ್ತ ಬಂದವು. 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ, ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ ಯೋಜನೆ ಆ ಮಾತಿಗೆ ದಂಡ ವಿಧಿಸಿತು: ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅದೂ ಹೊಣೆ ಹೊತ್ತ ನೌಕರನ ಸಂಬಳದಿಂದ. ಹಣಕ್ಕಿಂತ ದೊಡ್ಡ ಲಾಭವೆಂದರೆ ಸ್ವೀಕೃತಿ ಪತ್ರದ ಮೇಲಿನ 15 ಅಂಕಿಯ ಸಂಖ್ಯೆ. ಯಾರ ಶಿಫಾರಸೂ ಇಲ್ಲದವನು ‘ನನ್ನ ಅರ್ಜಿ ಎಲ್ಲಿದೆ’ ಎಂದು ತಲೆಯೆತ್ತಿ ಕೇಳುವಂತಾದದ್ದು ಅದರಿಂದಲೇ. ಇಷ್ಟನ್ನು ಒಪ್ಪಿಕೊಂಡೇ ಉಳಿದದ್ದನ್ನು ಹೇಳಬೇಕು.

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಿಡಿದು ಹೋಗಿದ್ದೆ. ಗುಮಾಸ್ತರು ಹಾಳೆಗಳನ್ನು ಒಂದೊಂದಾಗಿ ಎಣಿಸಿ, ಮೂಲೆಗೆ ಗುಂಡುಸೂಜಿ ಚುಚ್ಚಿ, “ಇಟ್ಟು ಹೋಗಿ ಸಾರ್, ಸರ್ವರ್ ಬಂದ ಮೇಲೆ ಸಕಾಲಕ್ಕೆ ಹಾಕ್ತೀನಿ” ಅಂದರು. ಸರ್ವರ್ ಬರಲು ಏಳು ವಾರ ಹಿಡಿಯಿತು. ಗಡುವಿನ ಎಣಿಕೆ ಶುರುವಾಗುವುದು ಸಂಖ್ಯೆ ಬಿದ್ದ ದಿನದಿಂದ. ಹಾಗಾಗಿ ಆ ಏಳು ವಾರ ಸರ್ಕಾರದ ಲೆಕ್ಕದಲ್ಲಿ ನಡೆದೇ ಇಲ್ಲ. ಕೊನೆಗೆ ಗಡುವು ಮುಗಿಯುವ ಹಿಂದಿನ ದಿನ ಹಿಂಬರಹ ಬಂತು: ವಂಶವೃಕ್ಷ ಲಗತ್ತಿಸಿರುವುದಿಲ್ಲವಾದ್ದರಿಂದ ಅರ್ಜಿ ತಿರಸ್ಕರಿಸಿದೆ. ವಂಶವೃಕ್ಷ ಮೂರನೆಯ ಹಾಳೆಯಾಗಿತ್ತು. ಹಿಂತಿರುಗಿ ಬಂದ ಕಂತೆಯಲ್ಲಿ ಅದೂ ಇತ್ತು, ಸೂಜಿಯ ತೂತಿನ ಸಮೇತ.

ಅಂಕಿಅಂಶದಲ್ಲಿ ನನ್ನ ಅರ್ಜಿ ‘ಅವಧಿಯೊಳಗೆ ವಿಲೇವಾರಿ’. ಯಾರೂ ಲಂಚ ಕೇಳಲಿಲ್ಲ. ನೋಟಿಗೆ ಪುಡಿ ಹಚ್ಚಿ ಹಿಡಿಯುವಂಥದ್ದೇನೂ ನಡೆಯಲಿಲ್ಲ. ಸಕಾಲದ ದೋಷ ಇರುವುದು ಇಲ್ಲಿಯೇ. ಅದು ಗಡಿಯಾರ ನೋಡುತ್ತದೆ, ಕಡತ ಬಿಚ್ಚಿ ನೋಡುವುದಿಲ್ಲ. ಮಾಡಿಕೊಟ್ಟದ್ದೂ ವಿಲೇವಾರಿಯೇ, ತಳ್ಳಿಹಾಕಿದ್ದೂ ವಿಲೇವಾರಿಯೇ ಆದಾಗ ನೌಕರ ಸುಲಭದ್ದನ್ನೇ ಆರಿಸಿಕೊಳ್ಳುತ್ತಾನೆ. (ಮೂವರ ಕೆಲಸ ಒಬ್ಬರೇ ಮಾಡುವ ಕಚೇರಿಗಳಿವೆ, ಬಲ್ಲೆ. ಆದರೆ ಇರುವ ಹಾಳೆಯನ್ನು ಇಲ್ಲವೆಂದು ಬರೆಯುವುದಕ್ಕೆ ಸಿಬ್ಬಂದಿ ಕೊರತೆ ನೆಪವಾಗದು.)

ಮೇಲ್ಮನವಿ ಉಂಟು, ಮೊದಲನೆಯದು ಹೋಗುವುದು ಅದೇ ಇಲಾಖೆಯ ಮೇಲಧಿಕಾರಿಗೆ. ಪರಿಹಾರವನ್ನು ನಾವೇ ಕೇಳಿ ಪಡೆಯಬೇಕು, ನಾಳೆ ಪೋಡಿಗೋ ಪಹಣಿ ತಿದ್ದುಪಡಿಗೋ ಯಾರ ಮುಂದೆ ಹೋಗಿ ನಿಲ್ಲಬೇಕೋ ಅವರ ಸಂಬಳದಿಂದಲೇ. 20 ರೂಪಾಯಿಗಾಗಿ ಆ ನಿಷ್ಠುರ ಕಟ್ಟಿಕೊಂಡವರನ್ನು ನಾನಂತೂ ಕಂಡಿಲ್ಲ, ನಾನೂ ಕಟ್ಟಿಕೊಳ್ಳಲಿಲ್ಲ.

ತಿರಸ್ಕರಿಸಿದ್ದನ್ನು ವಿಲೇವಾರಿ ಲೆಕ್ಕಕ್ಕೆ ಸೇರಿಸದೆ, ಅಂಥ ಕಡತಗಳನ್ನು ಬೇರೆ ಇಲಾಖೆಯವರು ತೆಗೆದು ಪರಿಶೀಲಿಸುವಂತಾಗಬೇಕು. ಅಲ್ಲಿಯವರೆಗೆ ಒಂದು ಮಾತು: ಹಾಳೆಗಳಿಗೆ ನೀವೇ ಪುಟಸಂಖ್ಯೆ ಹಾಕಿ, ಸ್ವೀಕೃತಿ ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ.