ಒಂದೇ ಸಾಲನ್ನು ಅಷ್ಟು ಸಲ ಹಾಡುವುದೇಕೆ? ಭಾಗವತಿಕೆಯ ಹೊಸ ರಸಿಕರಿಗೊಂದು ಕೈಪಿಡಿ

ಬಡಗುತಿಟ್ಟಿನ ಯಕ್ಷಗಾನ ಪದ್ಯಗಳ ಧ್ವನಿಮುದ್ರಣವನ್ನು ಮೊದಲ ಸಲ ಕೇಳಿದವರಲ್ಲಿ ಬಹುಪಾಲು ಮಂದಿ ಕೇಳುವುದು ಒಂದೇ ಪ್ರಶ್ನೆ. ಕಂಠವೇನೋ ಚೆನ್ನಾಗಿದೆ, ಆದರೆ ಒಂದೇ ಸಾಲನ್ನು ಯಾಕೆ ಇಷ್ಟು ಸಲ ಹಾಡುತ್ತಾರೆ? ಪ್ರಶ್ನೆ ಸರಿಯಾಗಿಯೇ ಇದೆ. ಭಾಗವತಿಕೆಯನ್ನು ಸವಿಯುವುದು ಅಲ್ಲಿಂದಲೇ ಶುರುವಾಗಬೇಕು.

ಭಾಗವತರು, ಅಂದರೆ ಆಟದ ಹಾಡುಗಾರರು, ಹಾಡುವುದು ವೇಷಕ್ಕೆ. ಅವರೆದುರು ಕಲಾವಿದನೊಬ್ಬ ಗೆಜ್ಜೆ ಕಟ್ಟಿ ನಿಂತಿದ್ದಾನೆ. ಸಾಲು ಮೊದಲ ಸಲ ಬಂದಾಗ ಅವನು ಅದರ ಮಾತನ್ನು ಕೈಯಲ್ಲಿ ತೋರುತ್ತಾನೆ. ಎರಡನೆಯ ಸಲ ಆ ಮಾತಿನ ಹಿಂದಿನ ನೆನಪು ಮುಖಕ್ಕೆ ಬರುತ್ತದೆ. ಮೂರನೆಯ ಸಲ ನೆನಪು ಕೆರಳಿಸಿದ ಸಿಟ್ಟೋ ಸಂಕಟವೋ ಹೆಜ್ಜೆಗೆ ಇಳಿಯುತ್ತದೆ. ಹೊನ್ನಾವರ, ಕುಮಟಾ ಸೀಮೆಯ ಆಟದಲ್ಲಿ, ಅಂದರೆ ಬಡಾಬಡಗು ಅನ್ನಿಸಿಕೊಂಡ ಶೈಲಿಯಲ್ಲಿ, ಅಭಿನಯಕ್ಕೆ ಇನ್ನೂ ದೊಡ್ಡ ಪಾಲು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ, ಅವರ ಮಗ ಶಂಭು ಹೆಗಡೆ, ಭಸ್ಮಾಸುರ ಮತ್ತು ಕೀಚಕ ಪಾತ್ರಗಳಿಂದ ಮನೆಮಾತಾದ ಚಿಟ್ಟಾಣಿ ರಾಮಚಂದ್ರ ಹೆಗಡೆ, ಜಲವಳ್ಳಿ ವೆಂಕಟೇಶ ರಾವ್ ಎಲ್ಲರೂ ಈ ನೆಲದವರು. ಇಂಥವರು ಮುಂದೆ ನಿಂತಾಗ ಭಾಗವತರು ಒಂದು ಸಾಲಿನ ಮೇಲೆ ಎಷ್ಟು ಹೊತ್ತು ನಿಂತರೂ ಸಭೆ ಕದಲುತ್ತಿರಲಿಲ್ಲ. ಧ್ವನಿಮುದ್ರಣದಲ್ಲಿ ವೇಷ ಕಾಣುವುದಿಲ್ಲ, ಪದ್ಯ ಮಾತ್ರ ಉಳಿಯುತ್ತದೆ. ಕಾಣದ ವೇಷವನ್ನು ಪದ್ಯದೊಳಗೆ ಹುಡುಕುವುದೇ ಕೇಳುಗನ ಕೆಲಸ.

ಅದಕ್ಕೆ ಸುಬ್ರಹ್ಮಣ್ಯ ಧಾರೇಶ್ವರರಿಗಿಂತ ಒಳ್ಳೆಯ ಆರಂಭ ನನಗೆ ತೋಚುವುದಿಲ್ಲ. ಅವರು ಹುಟ್ಟಿದ್ದು 1957ರಲ್ಲಿ, ಅಘನಾಶಿನಿ ಕಡಲು ಸೇರುವಲ್ಲಿಗೆ ಹತ್ತಿರದ ಗೋಕರ್ಣದಲ್ಲಿ. ಮೇಳಕ್ಕೆ ಬಂದದ್ದು ವಿದ್ಯುತ್ ದೀಪದ ಕೆಲಸಕ್ಕೆ. ಕಂಠವನ್ನು ಗುರುತಿಸಿ ಭಾಗವತಿಕೆಗೆ ತಿದ್ದಿದವರು ನಾರಣಪ್ಪ ಉಪ್ಪೂರರು. ಮುಂದೆ ಪೆರ್ಡೂರು ಮೇಳದಲ್ಲಿ ಎರಡೂವರೆ ದಶಕಕ್ಕೂ ಮಿಕ್ಕಿ ಪ್ರಧಾನ ಭಾಗವತರಾಗಿದ್ದರು. 2024ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಕರಾವಳಿ ಮತ್ತು ಮಲೆನಾಡಿನ ಎಷ್ಟೋ ಮನೆಗಳಿಗೆ ಅದು ಸ್ವಂತದವರ ಸಾವಿನ ಸುದ್ದಿಯಾಗಿತ್ತು. ಆಟಕ್ಕೆ ಹೋಗಲಾಗದ ಮುದುಕರೂ, ಆಟವನ್ನೇ ನೋಡದ ಮಕ್ಕಳೂ ಅವರ ಪದ್ಯ ಕೇಳಿಕೊಂಡಿದ್ದವರು. ಅಂಥ ಬಳಕೆಯನ್ನು ಕೊಟ್ಟದ್ದು ಕ್ಯಾಸೆಟ್.

ಹಾಡನ್ನು ಯಾವುದರ ಮೇಲೆ ಅಚ್ಚು ಹಾಕುತ್ತಾರೋ ಅದರ ಅಳತೆಗೆ ಹಾಡು ತನ್ನನ್ನು ಹೊಂದಿಸಿಕೊಳ್ಳುತ್ತದೆ. ಅಮೆರಿಕದಲ್ಲಿ ಬಿಗ್ ಬ್ಯಾಂಡ್‌ಗಳ ಕಾಲದ 78 ಆರ್‌ಪಿಎಂ ತಟ್ಟೆಯಲ್ಲಿ ಬದಿಗೆ ಮೂರು ನಿಮಿಷ ಚಿಲ್ಲರೆ ಹಿಡಿಯುತ್ತಿತ್ತು, ಅಷ್ಟರಲ್ಲೇ ಹಾಡು ಮುಗಿಯಬೇಕು. ಅಲ್ಲಿ ಹಾಡುವವರು ಸಾಮಾನ್ಯವಾಗಿ ಬೇರೊಬ್ಬರ ಬ್ಯಾಂಡಿನಲ್ಲಿ ತಮ್ಮ ಸರದಿಗೆ ಕಾಯುವವರು. ಎಲಾ ಫಿಟ್ಜರಾಲ್ಡ್ ಚಿಕ್ ವೆಬ್ ಅವರ ಬ್ಯಾಂಡಿನಲ್ಲಿ ಹಾಡಿದರು, 1938ರಲ್ಲಿ ತಾವೇ ಕೈಜೋಡಿಸಿ ಬರೆದ ಹಾಡಿನಿಂದ ಹೆಸರಾದರು, ಮರುವರ್ಷ ವೆಬ್ ತೀರಿಕೊಂಡ ಮೇಲಷ್ಟೇ ಬ್ಯಾಂಡಿನ ಮುಂದಾಳಾದರು. ಯಕ್ಷಗಾನದಲ್ಲಿ ಹಾಡುವವರೇ ಮೊದಲಿನಿಂದಲೂ ಮುಂದಾಳು. ಭಾಗವತರೇ ಮೊದಲ ವೇಷ ಎನ್ನುವುದು ಮೇಳದವರ ಮಾತು. ಮದ್ದಳೆ, ಚೆಂಡೆ, ವೇಷ ಎಲ್ಲವೂ ಅವರ ಕೈಯ ತಾಳಕ್ಕೆ ಬದ್ಧ. ಅರವತ್ತು ನಿಮಿಷದ ಕ್ಯಾಸೆಟ್ಟು ಬದಿಗೆ ಅರ್ಧ ಗಂಟೆ ಕೊಟ್ಟಿತು. ಇಡೀ ರಾತ್ರಿಯ ಪ್ರಸಂಗಕ್ಕೆ ಅದು ತೀರಾ ಕಡಿಮೆ, ಆದರೆ ಒಂದು ಪದ್ಯಕ್ಕೆ ಉಸಿರಾಡಲು ಬೇಕಾದಷ್ಟಾಯಿತು.

ಸಿಗುವ ಧ್ವನಿಮುದ್ರಣಗಳಲ್ಲಿ ಮೂರು ಬಗೆ. ಸ್ಟುಡಿಯೋದಲ್ಲಿ ಅರ್ಥಗಾರಿಕೆ, ಅಂದರೆ ಪಾತ್ರಗಳ ಮಾತು, ಸೇರಿಸಿ ಮಾಡಿದ ಪ್ರಸಂಗ, ಪದ್ಯಗಳನ್ನಷ್ಟೇ ಪೋಣಿಸಿದ ಗಾನವೈಭವ, ಮತ್ತು ಆಟದಲ್ಲಿಯೇ ಯಾರೋ ಅಭಿಮಾನಿ ಹಿಡಿದಿಟ್ಟದ್ದು. ಮೂರನೆಯದರಲ್ಲಿ ಗದ್ದಲವಿರುತ್ತದೆ, ಮೈಕು ಕಿರುಗುಡುತ್ತದೆ, ಚೆಂಡೆ ಕಂಠವನ್ನು ನುಂಗುತ್ತದೆ. ಆದರೂ ಹೊಸಬರು ಅದನ್ನೇ ಕೇಳಬೇಕೆಂದು ನನ್ನ ಆಗ್ರಹ. ಅದರಲ್ಲಿ ಗೆಜ್ಜೆ ಕೇಳುತ್ತದೆ. ಗೆಜ್ಜೆಯ ಸದ್ದು ಹತ್ತಿರವಾಗಿ ದೂರವಾಗುವುದನ್ನು ಹಿಂಬಾಲಿಸಿದರೆ, ಭಾಗವತರು ಯಾಕೆ ಈ ಸಾಲನ್ನು ಬಿಡಲಿಲ್ಲ, ಯಾಕೆ ಆ ಸಾಲಿಗೆ ಥಟ್ಟನೆ ಹಾರಿದರು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಕೇಳಬೇಕಾದದ್ದು ಭಾಮಿನಿ. ಕಂದ, ಭಾಮಿನಿ, ವಾರ್ಧಕಗಳನ್ನು ಸಾಮಾನ್ಯವಾಗಿ ತಾಳವಿಲ್ಲದೆ ಹಾಡುತ್ತಾರೆ. ಲೆಕ್ಕ ಹಾಕುವ ಗೋಜಿಲ್ಲದೆ ಕಂಠ, ರಾಗ, ಮಾತು ಮೂರನ್ನೇ ಗಮನಿಸಬಹುದು. ಭಾಮಿನಿ ಷಟ್ಪದಿಗೆ ಆರು ಸಾಲು. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಗಣಗಳಲ್ಲಿ ಎರಡು ಚಿಕ್ಕ ಸಾಲು ಬರುತ್ತವೆ. ಮೂರನೆಯ ಸಾಲು ಅದರ ಒಂದೂವರೆ ಪಟ್ಟಾಗಿ ಕೊನೆಗೊಂದು ಗುರುವಿನ ಮೇಲೆ ನಿಲ್ಲುತ್ತದೆ. ಆಮೇಲೆ ಮತ್ತೆ ಹಾಗೆಯೇ ಮೂರು ಸಾಲು. ಆ ಉದ್ದ ಸಾಲಿನ ಕೊನೆಯ ಗುರುವನ್ನು ಭಾಗವತರು ಏನು ಮಾಡುತ್ತಾರೆ, ಅದನ್ನು ಕೇಳಿ. ಕೆಲವರು ಅಲ್ಲಿ ರಾಗವನ್ನು ಹರಡುತ್ತಾರೆ. ಕೆಲವರು ಸಣ್ಣದೊಂದು ಎಳೆತ ಕೊಟ್ಟು ಮುಂದಿನ ಮಾತಿಗೆ ಹೋಗುತ್ತಾರೆ. ಎಷ್ಟು ಎಳೆದರೂ ಅಕ್ಷರ ಒಡೆಯಬಾರದು, ಸಾಹಿತ್ಯ ಕಿವಿಗೆ ಬಿಡಿಬಿಡಿಯಾಗಿ ಬೀಳಬೇಕು. ಧಾರೇಶ್ವರರ ಕಂಠ ನಯವಾದದ್ದು. ಶೃಂಗಾರಕ್ಕೂ ಕರುಣಕ್ಕೂ ಅದು ಹೇಳಿಮಾಡಿಸಿದಂತಿತ್ತು.

ತಾಳ ಆಮೇಲೆ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ, ಆದಿ ಎಂದು ಬಾಯಿಪಾಠ ಮಾಡುವ ಅಗತ್ಯವಿಲ್ಲ. ತ್ರಿವುಡೆಯ ಏಳನ್ನು ಮೂರು ಮತ್ತು ನಾಲ್ಕಾಗಿ ಒಮ್ಮೆ ಕೈಯಲ್ಲಿ ಹಿಡಿದರೆ ಉಳಿದವು ನಿಧಾನಕ್ಕೆ ಒಲಿಯುತ್ತವೆ. ಅದಕ್ಕಿಂತ ಮುಖ್ಯ ಚೆಂಡೆ ಎಲ್ಲಿ ಬಾಯಿಬಿಟ್ಟಿತು ಎಂಬುದು. ಕರುಣದ, ಸಲ್ಲಾಪದ ಪದ್ಯಗಳಿಗೆ ಮದ್ದಳೆ ಸಾಕು. ಚೆಂಡೆ ಸೇರಿಕೊಂಡಿತೆಂದರೆ ಯಾರದೋ ರಕ್ತ ಬಿಸಿಯಾಗಿದೆ. ಮುಕ್ತಾಯ, ಬಿಡ್ತಿಗೆ ಎಂಬ ಮುಗಿಸುವ ಬಡಿತಗಳು ಬಂದರೆ ಪದ್ಯ ಮುಗಿದು ಮಾತು ಶುರು.

ಇದನ್ನೆಲ್ಲ ಒಟ್ಟಿಗೆ ಕೇಳಲು ಸುಧನ್ವಾರ್ಜುನ ಪ್ರಸಂಗ ಒಳ್ಳೆಯದು, ಯಾರು ಹಾಡಿದ್ದಾದರೂ ಸರಿ. ಸುಧನ್ವ ಯುದ್ಧಕ್ಕೆ ಹೊರಟಿದ್ದಾನೆ. ಹೆಂಡತಿ ಪ್ರಭಾವತಿ ತಡೆಯುತ್ತಾಳೆ. ತಡವಾದರೆ ಕಾದೆಣ್ಣೆಯ ಕೊಪ್ಪರಿಗೆಗೆ ಹಾಕುವುದಾಗಿ ಅಪ್ಪ ಹಂಸಧ್ವಜ ಆಜ್ಞೆ ಮಾಡಿದ್ದಾನೆ, ಆದರೂ ಅವಳ ಮಾತಿನಲ್ಲಿ ನ್ಯಾಯವಿದೆ. ಇಲ್ಲಿ ಒಂದೇ ಭಾಗವತರ ಕಂಠ ಎರಡು ಜೀವಗಳಾಗಬೇಕು. ಅವಳ ಪದ್ಯದಲ್ಲಿ ಲಯ ಹಿಂದಕ್ಕೆ ಜಗ್ಗಬೇಕು, ಅವನ ಪದ್ಯದಲ್ಲಿ ಕಾಲು ಬಾಗಿಲ ಕಡೆಗಿರಬೇಕು. ಒಳ್ಳೆಯ ಭಾಗವತರು ಹಾಡಿದಾಗ, ಅವನು ಎಲ್ಲಿ ಸೋತ ಎಂಬುದು ಅರ್ಥಧಾರಿ ಬಾಯಿ ತೆರೆಯುವ ಮೊದಲೇ ಗೊತ್ತಾಗಿಬಿಡುತ್ತದೆ. ಬರೀ ಸುಶ್ರಾವ್ಯವಾಗಿ ಹಾಡಿದಾಗ ಎರಡೂ ಒಂದೇ ಥರ ಕೇಳುತ್ತವೆ. ಆ ಹಾಡುಗಾರಿಕೆಗೆ ಚಪ್ಪಾಳೆ ಬೀಳಬಹುದು, ಆದರೆ ಭಾಗವತಿಕೆಯಾಗಿ ಅದು ಸೋತಿದೆ.

ಧಾರೇಶ್ವರರನ್ನು ಕೇಳಿದ ಮೇಲೆ ನೆಬ್ಬೂರು ನಾರಾಯಣ ಭಾಗವತರನ್ನು ಕೇಳಿ. ಇಡಗುಂಜಿ ಮೇಳದಲ್ಲಿ ದಶಕಗಳ ಕಾಲ ಕೆರೆಮನೆಯವರ ವೇಷಗಳಿಗೆ ಹಾಡಿದವರು, 2019ರಲ್ಲಿ ತೀರಿಕೊಂಡರು. ಅವರಲ್ಲಿ ರಾಗದ ಬೆಡಗು ಕಡಿಮೆ, ಮಾತಿನ ತೂಕ ಹೆಚ್ಚು. ಪಾತ್ರ ಏನು ಹೇಳಬೇಕೋ ಅದನ್ನು ಹಾಡಿನಲ್ಲಿಯೇ ಹೇಳಿಬಿಡುತ್ತಾರೆ. ಮೊದಲ ಕೇಳ್ವಿಗೆ ಸಪ್ಪೆ ಎನಿಸಬಹುದು. ನನಗೆ ಕಾಣದ ವೇಷ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅವರ ಪದ್ಯದಲ್ಲಿ.

ಕಾಳಿಂಗ ನಾವಡರ (1958–1990) ವಿಷಯ ಬೇರೆ. ಅವರೂ ಉಪ್ಪೂರರ ಶಿಷ್ಯರೇ, ಗುಂಡ್ಮಿಯವರು, ಸಾಲಿಗ್ರಾಮ ಮೇಳದ ಭಾಗವತರು. ಹಾಡುವುದರ ಜೊತೆಗೆ ಪ್ರಸಂಗವನ್ನೂ ಬರೆದರು. ಟಿಕೆಟಿಟ್ಟು ಆಡುವ ಡೇರೆ ಮೇಳಕ್ಕೆ ಅವರು ಬರೆದ ‘ನಾಗಶ್ರೀ’ ಊರೂರಲ್ಲಿ ಗೆದ್ದಿತು. ತಾನೇ ಹಾಡುವ ಪದ್ಯವನ್ನು ತಾನೇ ಬರೆಯುವವನಿಗೆ ಒಂದು ಅನುಕೂಲವಿದೆ: ತನ್ನ ಕಂಠ ಎಲ್ಲಿ ತೆರೆದುಕೊಳ್ಳುತ್ತದೋ ಅಲ್ಲಿ ದೀರ್ಘಾಕ್ಷರ ಇಡಬಲ್ಲ. ನಾವಡರನ್ನು ಕೇಳುವಾಗ ಇದನ್ನು ಗಮನಿಸಿ. ಏರುಶ್ರುತಿಯಲ್ಲಿ ಅವರು ಪದ್ಯ ಎತ್ತಿದರೆ ಮೈ ನವಿರೇಳುತ್ತದೆ. ರಸ್ತೆ ಅಪಘಾತ ಅವರನ್ನು ಚಿಕ್ಕ ಪ್ರಾಯದಲ್ಲೇ ಕೊಂಡೊಯ್ದಿತು. ಆಮೇಲೆ ಬಂದ ಒಂದು ತಲೆಮಾರು ಅವರ ಕ್ಯಾಸೆಟ್ಟುಗಳಿಂದಲೇ ಕಲಿಯಿತು. ಕಲಿತವರಲ್ಲಿ ಹಲವರು ಆ ಏರುಕಂಠವನ್ನು ತೆಗೆದುಕೊಂಡರು, ವೇಷದ ಮೇಲಿನ ಕಣ್ಣನ್ನು ಬಿಟ್ಟರು. ಅದು ನಾವಡರ ತಪ್ಪಲ್ಲ. ವೇದಿಕೆಯಲ್ಲಿ ಅವರ ಕಣ್ಣು ಎಲ್ಲಿತ್ತು ಎಂಬುದನ್ನು ಟೇಪು ಹಿಡಿಯಲಾರದು.

ಹಾಡಿ ಬರೆದವರ ಸಾಲಿನಲ್ಲಿ ಹೊಸ್ತೋಟ ಮಂಜುನಾಥ ಭಾಗವತರನ್ನೂ ಹೆಸರಿಸಬೇಕು. ‘ರಾಮನಿರ್ಯಾಣ’ದಂಥ ಪ್ರಸಂಗಗಳನ್ನು ಬರೆದು, ಊರೂರು ಅಲೆದು, ಅಂಧ ಮಕ್ಕಳಿಗೂ ಯಕ್ಷಗಾನ ಕಲಿಸಿದವರು, 2020ರಲ್ಲಿ ತೀರಿಕೊಂಡರು. ಅವರ ಪದ್ಯ ಕೇಳುವುದಕ್ಕಿಂತ ಓದುವುದರಿಂದ ಹೆಚ್ಚು ಸಿಗುತ್ತದೆ ಎಂದು ನನ್ನ ಅನಿಸಿಕೆ.

ಇಷ್ಟು ಕೇಳಿದ ಮೇಲೆ ಒಂದು ಆಟಕ್ಕೆ ಹೋಗಲೇಬೇಕು. ಮಳೆಗಾಲ ಕಳೆದು ನವೆಂಬರಿನಿಂದ ಮೇ ತಿಂಗಳವರೆಗೆ ಭಟ್ಕಳದಿಂದ ಕುಮಟಾದವರೆಗೆ ಆಟಗಳಿಗೆ ಬರವಿಲ್ಲ. ಗುಂಡಬಾಳದ ಮುಖ್ಯಪ್ರಾಣ ದೇವಸ್ಥಾನದಲ್ಲಿ ಹರಕೆಯಾಟಗಳು ನಡೆಯುತ್ತವೆ. ವೇಷದ ಜೊತೆಗೆ ಭಾಗವತರ ಮುಖವೂ ಕಾಣುವ ಕಡೆ ಕುಳಿತುಕೊಳ್ಳಿ. ಕಲಾವಿದ ಕಣ್ಣಲ್ಲೋ ಕೈಬೆರಳಲ್ಲೋ ‘ಇನ್ನೊಮ್ಮೆ’ ಎಂದದ್ದನ್ನು ಅವರು ಹಿಡಿಯುವುದನ್ನು ನೋಡಬಹುದು. ಕಾಲಮಿತಿ ಆಟವಾದರೆ ಬೇಗ ಹೋಗಿ, ಅಲ್ಲಿ ಪದ್ಯಗಳಿಗೆ ಕತ್ತರಿ ಬಿದ್ದಿರುತ್ತದೆ. ಇಡೀ ರಾತ್ರಿಯ ಆಟವಾದರೆ ಅವಸರ ಬೇಡ, ಮೊದಲು ಹಾಡುವವರು ಕಿರಿಯ ಭಾಗವತರು. ಪ್ರಧಾನ ಭಾಗವತರು ತಾಳ ಹಿಡಿಯುವುದು ರಾತ್ರಿ ಬಲಿತ ಮೇಲೆ. ಎಷ್ಟು ಹೊತ್ತಿಗೆ ಎಂದು ಚೌಕಿಯ, ಅಂದರೆ ಬಣ್ಣದ ಮನೆಯ, ಹತ್ತಿರ ಯಾರನ್ನು ಕೇಳಿದರೂ ಹೇಳುತ್ತಾರೆ.