ಭಾರಜಲ ನುಡಿದ ಸಾಕ್ಷ್ಯ

ಲಸಿಕೆ ನಮ್ಮ ರಕ್ಷಣಾ ಕೋಶಗಳ ಒಳಗೆ ಉಳಿಸಿಹೋಗುವ ಗುರುತಿನ ಮಾತು ಬಂದರೆ ಸಾಕು, ನೆದರ್‌ಲ್ಯಾಂಡ್ಸ್‌ನ ಮಿಹಾಯ್ ನೆಟೆಯ ತಂಡದ ಕ್ಷಯದ ಲಸಿಕೆ ಬಿಸಿಜಿ ಕುರಿತ 2012ರ ಪ್ರಬಂಧವನ್ನೇ ಎಲ್ಲರೂ ಮುಂದಿಡುತ್ತಾರೆ. ಅದಕ್ಕೆ ಸಂದಿರುವ ಮನ್ನಣೆ ಅದರ ಪುರಾವೆಯನ್ನು ಮೀರಿದ್ದು. ಬಿಸಿಜಿ ಹಾಕಿಸಿಕೊಂಡು ಮೂರು ತಿಂಗಳಾದವರ ಬಿಳಿ ರಕ್ತಕಣಗಳ ಪೈಕಿ ಮೊನೊಸೈಟ್‌ಗಳು ಕ್ಷಯಕ್ಕೆ ಸಂಬಂಧವೇ ಇಲ್ಲದ ಸೂಕ್ಷ್ಮಜೀವಿಗಳಿಗೂ ಜೋರಾಗಿ ಪ್ರತಿಕ್ರಿಯಿಸಿದವು. ಆ ಮೊನೊಸೈಟ್‌ಗಳಲ್ಲಿ ಡಿಎನ್ಎ ಸುತ್ತಿಕೊಳ್ಳುವ ಪ್ರೋಟೀನುಗಳಾದ ಹಿಸ್ಟೋನ್‌ಗಳ ಮೇಲೆ ಮೀಥೈಲ್ ಗುರುತೂ ಹೆಚ್ಚಿತ್ತು. ಆದರೆ ಮೊನೊಸೈಟ್ ರಕ್ತದಲ್ಲಿ ಬದುಕುವುದು ಕೆಲವೇ ದಿನ. ಪರೀಕ್ಷೆಗೆ ಸಿಕ್ಕ ಕೋಶ ಲಸಿಕೆಯ ದಿನ ಹುಟ್ಟಿಯೇ ಇರಲಿಲ್ಲ. ಹಾಗಾದರೆ ಬದಲಾದದ್ದು ಯಾವ ಕೋಶ? ಮೊನೊಸೈಟ್‌ಗಳನ್ನು ಹುಟ್ಟಿಸುವ ಅಸ್ಥಿಮಜ್ಜೆಯ ಕಾಂಡಕೋಶಗಳು ಎಂದು ಪ್ರಬಂಧದ ಪರ ನಿಲ್ಲುವವರು 2018ರ ಇಲಿ ಅಧ್ಯಯನವನ್ನೂ 2020ರ ಮಾನವ ಅಧ್ಯಯನವನ್ನೂ ತೋರಿಸುತ್ತಾರೆ. ಆ ಶ್ರೇಯ ಆ ಅಧ್ಯಯನಗಳಿಗೆ ಸಲ್ಲಬೇಕು. ಇಲಿಗಳಲ್ಲಂತೂ ಲಸಿಕೆಯನ್ನು ರಕ್ತನಾಳಕ್ಕೇ ಕೊಡಬೇಕಾಯಿತು. ಕೋವಿಡ್ ಕಾಲದಲ್ಲಿ ಬಿಸಿಜಿಯನ್ನು ಗುರಾಣಿಯೆಂದು ಹೊಗಳಿದವರಿಗೆ, ಸುಮಾರು 4,000 ಆರೋಗ್ಯ ಕಾರ್ಯಕರ್ತರ ಮೇಲಿನ ಬ್ರೇಸ್ ಪ್ರಯೋಗ ಕೋವಿಡ್ ಬರುವ ಅಪಾಯ ತಗ್ಗಲಿಲ್ಲವೆಂದು 2023ರಲ್ಲಿ ಉತ್ತರ ಕೊಟ್ಟಿತು.

ಬದಲಾದದ್ದು ಯಾವ ಕೋಶ ಎಂಬ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಿದ್ದು ರಾಮಾ ಅಕೊಂಡಿ, ರಫಿ ಅಹ್ಮದ್ ಮತ್ತು ಸಂಗಡಿಗರು ಹಳದಿ ಜ್ವರದ ಲಸಿಕೆಯ ಬಗ್ಗೆ 2017ರಲ್ಲಿ ಪ್ರಕಟಿಸಿದ ಕೆಲಸ. ಅದರ ಜೀವಾಳ ಭಾರಜಲ, ಅಂದರೆ ಜಲಜನಕದ ಭಾರವಾದ ರೂಪ ಡ್ಯೂಟೀರಿಯಂ ಇರುವ ನೀರು. ಲಸಿಕೆ ಪಡೆದವರು ಮೊದಲ ಎರಡು ವಾರ ಭಾರಜಲ ಕುಡಿದರು. ಆ ಅವಧಿಯಲ್ಲಿ ವಿಭಜನೆಗೊಂಡ ಕೋಶಗಳು ಹೊಸ ಡಿಎನ್ಎ ಹೆಣೆಯುವಾಗ ಡ್ಯೂಟೀರಿಯಂ ಅದರೊಳಗೆ ಸೇರಿಕೊಂಡಿತು. ಆಮೇಲೆ ಕೋಶ ಮತ್ತೆ ವಿಭಜನೆಯಾದಾಗಲಷ್ಟೇ ಅದು ತೆಳುವಾಗಬೇಕು. ಹಾಗಾಗಿ ಬಹುಕಾಲದ ಬಳಿಕ ಸಿಕ್ಕ ಸಿಡಿ8 ಸ್ಮೃತಿಕೋಶದಲ್ಲಿ (ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಕೋಶಗಳ ಪೈಕಿ ಸೋಂಕನ್ನು ನೆನಪಿಡುವಂಥದು) ಡ್ಯೂಟೀರಿಯಂ ಉಳಿದಿದ್ದರೆ ಎರಡು ಸಂಗತಿ ಒಟ್ಟಿಗೇ ಸಾಬೀತಾಗುತ್ತವೆ: ಅದರ ಮೂಲ ಆ ಎರಡು ವಾರಗಳ ಬಿರುಸಿನ ವಿಭಜನೆಯಲ್ಲಿದೆ, ಆನಂತರ ಅದು ಬಹುತೇಕ ಸುಮ್ಮನಿದೆ. ಲೆಕ್ಕ ಹಾಕಿದಾಗ ಕೋಶಸಮೂಹ ಇಮ್ಮಡಿಯಾಗಲು 450 ದಿನಕ್ಕೂ ಹೆಚ್ಚು ಬೇಕಾಗಿತ್ತು. ವಂಶಾವಳಿ ಹೀಗೆ ಖಚಿತವಾದ ಮೇಲೆಯೇ ಕ್ರೊಮಾಟಿನ್ (ಡಿಎನ್ಎ ಮತ್ತು ಅದನ್ನು ಸುತ್ತಿಟ್ಟ ಪ್ರೋಟೀನುಗಳ ಹೆಣಿಗೆ) ಮಾತಿಗೆ ತೂಕ ಬರುವುದು. ಈ ಕೋಶಗಳು ಕೊಲ್ಲುವ ಪ್ರೋಟೀನುಗಳನ್ನು ತಯಾರಿಸುತ್ತಿರಲಿಲ್ಲ. ಆದರೂ ಆ ಜೀನ್‌ಗಳ ಸುತ್ತಲಿನ ಕ್ರೊಮಾಟಿನ್ ಲಸಿಕೆಯಾಗಿ ಒಂದು ದಶಕ ಕಳೆದರೂ ತೆರೆದೇ ಇತ್ತು. ಕೆಲಸ ನಿಲ್ಲಿಸಿದ ಕೋಶ ಆ ಕೆಲಸದ ಸಿದ್ಧತೆಯನ್ನು ಬಿಟ್ಟುಕೊಟ್ಟಿಲ್ಲ.

ಭಾರಜಲ ವಿಭಜನೆಯನ್ನಷ್ಟೇ ದಾಖಲಿಸುತ್ತದೆ, ಆಗ ಕೋಶ ಕೊಲ್ಲುತ್ತಿತ್ತೇ ಎಂಬುದನ್ನಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಸ್ಮೃತಿಗೆಂದೇ ಮೊದಲೇ ಬೇರ್ಪಟ್ಟ ಒಂದು ಗುಂಪೂ ಅಷ್ಟೇ ವೇಗವಾಗಿ ವಿಭಜನೆಗೊಂಡಿರಬಹುದು. ಆದರೆ ಎಂದೂ ಕೊಲೆಗಾರನಾಗದ ಕೋಶದಲ್ಲಿ ಕೊಲ್ಲುವ ಜೀನ್‌ಗಳು ಹತ್ತು ವರ್ಷ ತೆರೆದಿರುವುದೇಕೆ ಎಂಬುದಕ್ಕೆ ಆಕ್ಷೇಪಿಸುವವರು ಕಾರಣ ಕೊಡಬೇಕಾಗುತ್ತದೆ. ಇದೆಲ್ಲ ಬರೀ ಸಹಸಂಬಂಧ ಎಂಬ ಇನ್ನೊಂದು ದೂರಿಗೆ 2017ರದೇ ಆದ ಇಲಿಗಳ ಅಧ್ಯಯನವೊಂದು ಭಾಗಶಃ ಉತ್ತರಿಸಿದೆ: ಡಿಎನ್ಎಗೆ ಮೀಥೈಲ್ ಅಂಟಿಸುವ ಡಿಎನ್‌ಎಂಟಿ3ಎ ಕಿಣ್ವವನ್ನು ಆರಂಭದಲ್ಲೇ ತೆಗೆದಾಗ, ಸೋಂಕಿಗೆ ಮುಂಚಿನ ಸ್ಥಿತಿಯ ಜೀನ್‌ಗಳು ಬೇಗನೆ ಮರಳಿ ಚಾಲೂ ಆದವು. ಗುರುತನ್ನು ಬದಲಿಸಿದರೆ ಕೋಶದ ನಡೆ ಬದಲಾಗುತ್ತದೆ ಎಂಬುದಕ್ಕೆ ಅದು ಪುರಾವೆ. ಕೊಲ್ಲುವ ಜೀನ್‌ಗಳ ವಿಷಯದಲ್ಲಿ ಅಂಥದೇ ಹಸ್ತಕ್ಷೇಪದ ಪ್ರಯೋಗ ಬೇಕು.