ಒಂದೇ ಎತ್ತರದ ಎರಡು ಚಿತ್ರಗಳು

ಕನ್ನಡ ಕ್ರೈಸ್ತರೊಬ್ಬರು ಕಥೋಲಿಕರೋ ಪ್ರೊಟೆಸ್ಟಂಟರೋ ಎಂದು ತಿಳಿಯಲು ನಾಲ್ಕು ಮಾತು ಆಡಿಸಿದರೆ ಸಾಕು. ಒಬ್ಬರು ‘ವಿಶ್ವಾಸ’ ಎನ್ನುವ ಕಡೆ ಇನ್ನೊಬ್ಬರು ‘ನಂಬಿಕೆ’ ಎನ್ನುತ್ತಾರೆ. ಒಬ್ಬರು ಭಾನುವಾರ ಬಲಿಪೂಜೆಗೆ ಹೋದರೆ ಇನ್ನೊಬ್ಬರು ಆರಾಧನೆಗೆ ಹೋಗುತ್ತಾರೆ. ಅಲ್ಲಿ ಪರಮಪ್ರಸಾದ, ಇಲ್ಲಿ ಕರ್ತನ ಭೋಜನ. ಸಂತ ಪೌಲ ರೋಮಿನವರಿಗೆ ಬರೆದ ಪತ್ರದ ಮುಖ್ಯ ಪದವೊಂದನ್ನು ಪ್ರೊಟೆಸ್ಟಂಟರ ಹಳೆಯ ಕನ್ನಡ ಬೈಬಲು ‘ನೀತಿವಂತರೆಂಬ ನಿರ್ಣಯ’ ಎಂದರೆ, ಕಥೋಲಿಕರ ಕೈಯಲ್ಲಿರುವ ಅನುವಾದ ‘ದೇವರೊಡನೆ ಸತ್ಸಂಬಂಧ’ ಎನ್ನುತ್ತದೆ. ಮೊದಲನೆಯದರಲ್ಲಿ ಕೋರ್ಟಿನ ಕಟಕಟೆ ಕಾಣುತ್ತದೆ: ಆರೋಪಿ ತಲೆತಗ್ಗಿಸಿ ನಿಂತಿದ್ದಾನೆ, ತೀರ್ಪು ಹೊರಗಿನಿಂದ ಬರುತ್ತದೆ, ಬಿಡುಗಡೆ. ಎರಡನೆಯದರಲ್ಲಿ ಮನೆ ಬಿಟ್ಟುಹೋದ ಮಗ ಮತ್ತೆ ಊಟಕ್ಕೆ ಕೂತಿದ್ದಾನೆ. ಸುಮಾರು ಐನೂರು ವರ್ಷಗಳ ವಾದದ ತಿರುಳು ಈ ಎರಡು ಅನುವಾದಗಳ ನಡುವಿನ ಸಂದಿನಲ್ಲೇ ಇದೆ.

ಪಾಪಿ ಪಾಪಿಯಾಗಿರುವಾಗಲೇ ದೇವರು ಅವನನ್ನು ನೀತಿವಂತನೆಂದು ಘೋಷಿಸುತ್ತಾನೆ, ಆ ಘೋಷಣೆಗೆ ಮನುಷ್ಯ ಸೇರಿಸಬೇಕಾದದ್ದು ಏನೂ ಇಲ್ಲ ಎಂದ ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್. ಕೃಪೆ ಹೊರಗೆ ನಿಂತು ತೀರ್ಪು ಹೇಳಿ ಹೋಗುವುದಲ್ಲ, ಒಳಹೊಕ್ಕು ಮನುಷ್ಯನನ್ನು ಬದಲಿಸುತ್ತದೆ, ಅವನು ಅದಕ್ಕೆ ಒಪ್ಪಿ ಕೈಜೋಡಿಸುತ್ತಾನೆ ಎಂದು 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಉತ್ತರಿಸಿತು. ಇದು ಬರೀ ಪಂಡಿತರ ಪದಜಗಳವೆಂದು ನಾನು ಒಪ್ಪಲಾರೆ. ಸಾಯುವ ಗಳಿಗೆಯಲ್ಲಿ ಮನುಷ್ಯ ಯಾವುದನ್ನು ನೆಚ್ಚಿಕೊಳ್ಳಬೇಕು ಎಂಬ ಪ್ರಶ್ನೆ ಇದು. ಇಂಥ ಪ್ರಶ್ನೆಯಲ್ಲಿ ಒಪ್ಪಲಾಗದವರು ಒಬ್ಬರನ್ನೊಬ್ಬರು ಗೌರವಿಸುವುದು ಹೇಗೆ?

ಇದಕ್ಕೆ ಯುರೋಪು ಎರಡು ದಾರಿ ಹಿಡಿದಿದೆ. ಒಂದು, ಇಬ್ಬರೂ ಸಹಿ ಹಾಕಬಹುದಾದ ವಾಕ್ಯವೊಂದನ್ನು ಹುಡುಕುವುದು. ಇನ್ನೊಂದು, ಎದುರಿನವರ ವಾಕ್ಯವನ್ನು ಅವರಷ್ಟೇ ಚೆನ್ನಾಗಿ ಕಲಿತು, ಆಮೇಲೂ ಸಹಿ ಹಾಕದೆ ಜೊತೆಗಿರುವುದು.

ಮೊದಲ ದಾರಿಗೆ ದೊಡ್ಡ ಇತಿಹಾಸವಿದೆ. 1541ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಜರ್ಮನಿಯ ರೇಗನ್ಸ್‌ಬುರ್ಗ್‌ನಲ್ಲಿ ಎರಡೂ ಕಡೆಯ ತಲಾ ಮೂವರನ್ನು ಮಾತುಕತೆಗೆ ಕೂರಿಸಿದ. ಪ್ರೊಟೆಸ್ಟಂಟರ ಕಡೆ ಮೆಲಾಂಕ್ಥನ್, ಬೂಟ್ಸರ್ ಮೊದಲಾದವರು. ಕಥೋಲಿಕರ ಕಡೆ ಎಕ್, ಗ್ರೋಪರ್ ಮೊದಲಾದವರು. ಪೋಪರ ಪ್ರತಿನಿಧಿಯಾಗಿ ಬಂದವನು ಕಾರ್ಡಿನಲ್ ಕೊಂತಾರಿನಿ, ಸಂಧಾನವನ್ನು ಮನಸಾರೆ ಬಯಸಿದವನು. ಆಶ್ಚರ್ಯವೆಂದರೆ ಎಲ್ಲಕ್ಕಿಂತ ಕಗ್ಗಂಟಾಗಿದ್ದ ಮನುಷ್ಯ ನೀತಿವಂತನೆನಿಸುವುದು ಹೇಗೆಂಬ ಈ ನೀತಿನಿರ್ಣಯದ ವಿಚಾರದಲ್ಲೇ ಅವರು ಒಂದು ಒಪ್ಪಿತ ಬರಹಕ್ಕೆ ಬಂದರು. ಆದರೆ ಲೂಥರ್ ಅದನ್ನು ತೇಪೆ ಕೆಲಸವೆಂದು ತಳ್ಳಿಹಾಕಿದ, ರೋಮ್ ಕೂಡ ಒಪ್ಪಲಿಲ್ಲ. ಪ್ರಸಾದದ ರೊಟ್ಟಿ ಏನಾಗುತ್ತದೆ, ಧರ್ಮಸಭೆಯ ಅಧಿಕಾರ ಎಲ್ಲಿಯವರೆಗೆ ಎಂಬಲ್ಲಿ ಸಭೆ ಮುರಿದುಬಿತ್ತು. ಮರುವರ್ಷ ಕೊಂತಾರಿನಿ ತೀರಿಕೊಂಡ.

ನಾಲ್ಕೂವರೆ ಶತಮಾನ ಕಳೆದ ಮೇಲೆ, 1999ರ ಅಕ್ಟೋಬರ್ 31ರಂದು, ಆಗ್ಸ್‌ಬುರ್ಗ್‌ನಲ್ಲಿ ವ್ಯಾಟಿಕನ್ ಮತ್ತು ಲೂಥರನ್ ವಿಶ್ವ ಒಕ್ಕೂಟ ಇದೇ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು. ಹದಿನಾರನೇ ಶತಮಾನದ ಖಂಡನೆಗಳು ಈ ಘೋಷಣೆಯಲ್ಲಿರುವ ಬೋಧನೆಗೆ ತಗಲುವುದಿಲ್ಲ ಎಂದು ಇಬ್ಬರೂ ಹೇಳಿದರು. ಸಹಿಗೆ ಮೊದಲೇ ಜರ್ಮನಿಯ ನೂರೈವತ್ತಕ್ಕೂ ಹೆಚ್ಚು ಪ್ರೊಟೆಸ್ಟಂಟ್ ದೇವಶಾಸ್ತ್ರಜ್ಞರು ಆಕ್ಷೇಪ ಎತ್ತಿದ್ದರು. ಅವರನ್ನು ಹಠಮಾರಿಗಳೆಂದು ಬದಿಗಿಟ್ಟವರು ಬಹಳ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಘೋಷಣೆಯ ರಚನೆಯನ್ನೇ ನೋಡಿ: ಮೊದಲು ಇಬ್ಬರೂ ಸೇರಿ ಹೇಳುವ ಮಾತು, ಅದರ ಕೆಳಗೆ ಕಥೋಲಿಕರು ಅದನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ, ಲೂಥರನ್ನರು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂಬ ವಿವರಣೆ. ದ್ವೇಷ ಕಳೆದದ್ದು ನಿಜ, ಅದು ಸಣ್ಣ ಸಾಧನೆಯಲ್ಲ. ಆದರೆ ಭಿನ್ನತೆ ಹೋಗಲಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯಿತು. ಇಂದಿಗೂ ಎರಡು ಸಭೆಗಳಿಗೆ ಸೇರಿದ ಗಂಡಹೆಂಡತಿ ಒಂದೇ ಪವಿತ್ರ ಭೋಜನಕ್ಕೆ ಒಟ್ಟಿಗೆ ಹೋಗುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಕಾಗದದ ಮೇಲಿನ ಒಮ್ಮತದ ಬೆಲೆಯನ್ನು ಆ ದಂಪತಿಯ ಕಣ್ಣಿಂದಲೇ ಅಳೆಯಬೇಕು.

ಎರಡನೇ ದಾರಿಗೆ ನಾನು ಕಂಡ ಅತ್ಯುತ್ತಮ ಮಾದರಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ್ದು. ಬಾಸೆಲ್ ಎಂದರೆ ನಮಗೆ ನೆನಪಾಗುವುದು 1834ರಲ್ಲಿ ಮಂಗಳೂರಿಗೆ ಬಂದ ಮಿಷನ್, ಅದರ ಮುದ್ರಣಾಲಯ, ಕಿಟೆಲ್ ನಿಘಂಟು. ಆ ಊರಿನಲ್ಲೇ 1886ರಲ್ಲಿ ಪ್ರೊಟೆಸ್ಟಂಟ್ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಹುಟ್ಟಿದ್ದು. ಹಿಟ್ಲರನಿಗೆ ಬೇಷರತ್ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಬಾನ್‌ನಲ್ಲಿ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡು 1935ರಲ್ಲಿ ಮರಳಿ ಬಂದದ್ದೂ ಅಲ್ಲಿಗೇ. 1940ರಲ್ಲಿ ಕಥೋಲಿಕ ವಿದ್ಯಾರ್ಥಿಗಳ ಗುರುವಾಗಿ ಅದೇ ಊರಿಗೆ ಬಂದವರು ಜೆಸ್ವಿಟ್ ಪಾದ್ರಿ ಹಾನ್ಸ್ ಉರ್ಸ್ ಫಾನ್ ಬಾಲ್ತಸಾರ್. ಆಗ ಸ್ವಿಸ್ ಸಂವಿಧಾನವೇ ಜೆಸ್ವಿಟರನ್ನು ನಿಷೇಧಿಸಿತ್ತು, 1973ರವರೆಗೂ ಅದು ತೆರವಾಗಲಿಲ್ಲ. ಬಾಸೆಲ್‌ನಲ್ಲಿ ಜೆಸ್ವಿಟರು ಶಾಲೆ ತೆರೆಯಲಾಗದ ಕಾಲದಲ್ಲಿ, ಬಾಸೆಲ್‌ನವರು ನೆಲೆಯೂರಿದ್ದ ಮಂಗಳೂರಿನಲ್ಲಿ ಇಟಲಿಯ ಜೆಸ್ವಿಟರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದಿದ್ದರು.

ಬಾರ್ತ್ ಮೆತ್ತಗಿನ ಮನುಷ್ಯನಲ್ಲ. 1932ರಲ್ಲಿ ತಮ್ಮ ಬೃಹತ್ ಕೃತಿ ‘ಚರ್ಚ್ ಡಾಗ್ಮ್ಯಾಟಿಕ್ಸ್’ನ ಮೊದಲ ಸಂಪುಟದ ಮುನ್ನುಡಿಯಲ್ಲಿ, ಸೃಷ್ಟಿಯ ಇರವಿಗೂ ದೇವರ ಇರವಿಗೂ ಹೋಲಿಕೆಯಿದೆ, ಒಂದರಿಂದ ಇನ್ನೊಂದನ್ನು ಅರಿಯಬಹುದು ಎಂಬ ಕಥೋಲಿಕ ತತ್ತ್ವವನ್ನು ಅವರು ಕ್ರಿಸ್ತವಿರೋಧಿಯ ಆವಿಷ್ಕಾರವೆಂದು ಕರೆದರು. ತಾನು ಕಥೋಲಿಕನಾಗದಿರಲು ಅದೊಂದೇ ಕಾರಣ, ಉಳಿದವೆಲ್ಲ ಗಂಭೀರವಲ್ಲದ ಕಾರಣಗಳು ಎಂದೂ ಸೇರಿಸಿದರು. ಓದಿದವರೆಲ್ಲ ಮೊದಲ ಮಾತಿನ ಕಟುತನ ಕಂಡು ಬೆಚ್ಚಿದರು. ನಾನು ಎರಡನೆಯ ಮಾತಿಗೆ ಹೆಚ್ಚು ಬೆಲೆ ಕೊಡುತ್ತೇನೆ. ಪೋಪರ ವೈಭವ, ಸಂತರ ಪ್ರತಿಮೆ, ಜಪಮಾಲೆ ಎಂದು ತಲೆತಲಾಂತರದಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಿದ್ದ ಪ್ರೊಟೆಸ್ಟಂಟರ ಬತ್ತಳಿಕೆಯನ್ನು ಅವರು ಒಂದೇ ಏಟಿಗೆ ಖಾಲಿ ಮಾಡಿದರು. ಬೈಯುವ ಮೊದಲು ಅವರು ಓದಿದ್ದರು ಕೂಡ: ಕಥೋಲಿಕರ ಮಹಾಪಂಡಿತ ಅಕ್ವಿನಾಸನನ್ನು ಶಿಷ್ಯರ ಜೊತೆ ಕೂತು ಓದಿದರು. ಆ ತತ್ತ್ವದ ದೊಡ್ಡ ಪ್ರತಿಪಾದಕ ಜೆಸ್ವಿಟ್ ಎರಿಕ್ ಪ್ಶಿವಾರಾ ಅವರನ್ನು 1929ರಲ್ಲಿ ತಮ್ಮದೇ ತರಗತಿಗೆ ಕರೆಸಿ ಮಾತಾಡಿಸಿದರು.

ಬಾಲ್ತಸಾರ್ ಈ ಒಂದೇ ಕಾರಣವನ್ನು ಹಿಡಿದರು. 1948–49ರ ಚಳಿಗಾಲದಲ್ಲಿ ಬಾರ್ತ್ ಮತ್ತು ಕಥೋಲಿಕ ಪರಂಪರೆಯ ಬಗ್ಗೆ ಬಾಸೆಲ್‌ನಲ್ಲಿ ಉಪನ್ಯಾಸ ಕೊಟ್ಟಾಗ ಬಾರ್ತ್ ತಾವೇ ಹೋಗಿ ಕೇಳುಗರ ನಡುವೆ ಕೂತರು. 1951ರಲ್ಲಿ ಅದು ಪುಸ್ತಕವಾಯಿತು. ಬಾರ್ತರ ಚಿಂತನೆಯನ್ನು ಬಾಲ್ತಸಾರ್ ಮರಳುಗಡಿಯಾರಕ್ಕೆ ಹೋಲಿಸುತ್ತಾರೆ: ಮೇಲೆ ದೇವರು, ಕೆಳಗೆ ಮನುಷ್ಯ, ನಡುವಿನ ಸಣ್ಣ ಕೊರಳು ಕ್ರಿಸ್ತ. ಇದ್ದುದೆಲ್ಲ ಆ ಕೊರಳಿನ ಮೂಲಕವೇ ಹರಿಯಬೇಕು. ಇದರ ಚೆಲುವಿಗೆ ಅವರು ಮಾರುಹೋದವರು. ಆದರೂ ಕೊರಳು ತೀರಾ ಇಕ್ಕಟ್ಟಾಯಿತು, ಸೃಷ್ಟಿಗೆ ತನ್ನದೆಂಬ ಉಸಿರು ಉಳಿಯಲಿಲ್ಲ ಎಂದು ಆಕ್ಷೇಪಿಸಿದರು. ಬಾರ್ತ್ ಸುಮ್ಮನಿರಲಿಲ್ಲ. ತಮ್ಮ ಕೃತಿಯ ನಾಲ್ಕನೇ ಸಂಪುಟದಲ್ಲಿ, ಕ್ರಿಸ್ತನ ಕಡೆ ಹೊರಳುತ್ತಿರುವ ಹೊಸ ಕಥೋಲಿಕ ಚಿಂತನೆಯನ್ನು ಮನಸಾರೆ ಮೆಚ್ಚಿಕೊಂಡರು. ಹಿಂದೆಯೇ, ಸಂತರ ಬದುಕಿನ ಹೊಳಪಿನಲ್ಲಿ ಕ್ರಿಸ್ತನೇ ಮಸುಕಾಗುವ ಅಪಾಯವಿದೆಯೆಂದು ಗೆಳೆಯನ ಕಡೆ ಬೆರಳು ತೋರಿದರು. ಸ್ನೇಹ ವಾದದ ಮೊನೆಯನ್ನು ಮೊಂಡು ಮಾಡಲಿಲ್ಲ.

ಇಬ್ಬರನ್ನೂ ಕೂಡಿಸಿದ ಇನ್ನೊಂದು ನಂಟು ಮೊಜಾರ್ಟನ ಸಂಗೀತ. ಬಾರ್ತರ ಓದುಕೋಣೆಯ ಗೋಡೆಯ ಮೇಲೆ ಕ್ಯಾಲ್ವಿನ್‌ನ ಚಿತ್ರ, ಪಕ್ಕದಲ್ಲಿ ಅದೇ ಎತ್ತರಕ್ಕೆ ಮೊಜಾರ್ಟನ ಚಿತ್ರ. ಆರಾಧನೆಯಿಂದ ವಾದ್ಯಗಳನ್ನು ಹೊರಗಿಟ್ಟ ಸುಧಾರಕ ಮತ್ತು ಬಲಿಪೂಜೆಗೆ ಸಂಗೀತ ಕಟ್ಟಿದ ಕಥೋಲಿಕ. ಬೆಳಗ್ಗೆ ಬರೆಯಲು ಕೂರುವ ಮುನ್ನ ಬಾರ್ತ್ ಕೇಳುತ್ತಿದ್ದದ್ದು ಈ ಎರಡನೆಯವನನ್ನು. ಇದನ್ನು ಅವರ ರಸಿಕತೆಯ ವಿವರವೆಂದು ದಾಟಿಹೋಗುವವರಿದ್ದಾರೆ. ನನಗೆ ಅದು ಅವರ ದೇವಶಾಸ್ತ್ರದ್ದೇ ಒಂದು ಪುಟ. ಸೃಷ್ಟಿಯಿಂದ ದೇವರತ್ತ ಏಣಿಯಿಲ್ಲವೆಂದು ಸಾರಿದವನು, ಸೃಷ್ಟಿ ತನ್ನಷ್ಟಕ್ಕೆ ದೇವರನ್ನು ಹೊಗಳುವ ದನಿಯನ್ನು ದಿನಾ ಕೇಳುತ್ತಿದ್ದ.

ಈ ಮಾದರಿಯಲ್ಲೂ ಕೊರತೆಗಳಿವೆ. ಬಾಲ್ತಸಾರರ ಪ್ರೀತಿ ಬಾರ್ತರನ್ನು ಇದ್ದುದಕ್ಕಿಂತ ಹೆಚ್ಚು ಕಥೋಲಿಕರನ್ನಾಗಿ ಮಾಡಿತು. ಬಾರ್ತ್ ಮಧ್ಯವಯಸ್ಸಿನಲ್ಲಿ ಹೋಲಿಕೆಯ ಚಿಂತನೆಯತ್ತ ತಿರುಗಿದರೆಂಬ ಅವರ ಓದು ದಶಕಗಳ ಕಾಲ ಆಳಿತು, 1995ರಲ್ಲಿ ದೇವಶಾಸ್ತ್ರಜ್ಞ ಬ್ರೂಸ್ ಮೆಕಾರ್ಮ್ಯಾಕ್ ಅದನ್ನು ಬಲವಾಗಿ ಪ್ರಶ್ನಿಸಿದರು. ಎದುರಿನವನಲ್ಲಿ ನಮ್ಮ ಮುಖವನ್ನೇ ಕಾಣುವುದು ಗೌರವದೊಳಗೇ ಅಡಗಿರುವ ಅಪಾಯ. ಬಾರ್ತ್ ಒಂದು ದಿನ ತಮ್ಮ ಸಭೆಗೆ ಬರಬಹುದೆಂದು ಬಾಲ್ತಸಾರ್ ಆಶಿಸಿದ್ದೂ ಹೌದು. ಇದನ್ನು ನಾನು ದೋಷವೆನ್ನುವುದಿಲ್ಲ. ತಾನು ಕಂಡದ್ದು ಸತ್ಯವೆಂದು ನಂಬಿದವನು ಗೆಳೆಯನಿಗೂ ಅದು ಸಿಗಲಿ ಎಂದು ಬಯಸದಿದ್ದರೆ ಆ ನಂಬಿಕೆಯ ಬಗ್ಗೆಯೇ ಅನುಮಾನ ಬರುತ್ತದೆ. ದೊಡ್ಡ ಕೊರತೆ ಬೇರೆ ಇದೆ: ಇದು ಪುಸ್ತಕದ ಕಪಾಟು, ಬಿಡುವು, ಗ್ರಾಮಫೋನು ಇದ್ದವರ ಸಂವಾದ. ಮಿಶ್ರವಿವಾಹದ ಮನೆಗಳ ನೋವು ಅದರಲ್ಲಿ ಕೇಳಿಸುವುದೇ ಇಲ್ಲ.

ಆದರೂ ಅದು ಫಲ ಕೊಟ್ಟಿತು. 1957ರಲ್ಲಿ ಯುವ ಕಥೋಲಿಕ ಹಾನ್ಸ್ ಕ್ಯೂಂಗ್ ನೀತಿನಿರ್ಣಯದ ಬಗ್ಗೆ ಬಾರ್ತ್ ಮತ್ತು ಟ್ರೆಂಟ್ ಮೂಲದಲ್ಲಿ ಒಂದೇ ಮಾತು ಹೇಳುತ್ತಾರೆಂದು ಪುಸ್ತಕ ಬರೆದಾಗ, ಬಾರ್ತ್ ಅದಕ್ಕೆ ಮುನ್ನುಡಿಯಾಗಿ ಪತ್ರ ಕೊಟ್ಟರು: ನೀನು ಹೇಳಿದ್ದು ನನ್ನ ಮಾತೇ ಸರಿ, ಆದರೆ ಅದು ನಿನ್ನ ಸಭೆಯ ಮಾತು ಹೌದೇ ಎಂಬುದನ್ನು ನಿನ್ನವರೇ ಹೇಳಬೇಕು ಎಂಬುದು ಅದರ ಸಾರ. 1966ರಲ್ಲಿ, ಎಂಬತ್ತರ ಮುದುಕ ಬಾರ್ತ್, ಎರಡನೇ ವ್ಯಾಟಿಕನ್ ಮಹಾಸಭೆಯ ದಾಖಲೆಗಳನ್ನು ಓದಿ, ಪ್ರಶ್ನೆಗಳ ಪಟ್ಟಿ ಬರೆದುಕೊಂಡು ರೋಮ್‌ಗೆ ಹೋದರು. ಪ್ರೊಟೆಸ್ಟಂಟರನ್ನು ಕರೆಯಲು ಬಳಸಿದ ‘ಅಗಲಿದ ಸೋದರರು’ ಎಂಬ ಪದದ ಬಗ್ಗೆ ಪೋಪ್ ಆರನೇ ಪೌಲರನ್ನು ಕೇಳಿದರು. ಧರ್ಮಸಭೆಗೆ ಮಾದರಿಯಾಗಿ ಮರಿಯಳಿಗಿಂತ ಜೋಸೆಫನೇ ತನಗೆ ಹೆಚ್ಚು ಒಪ್ಪುತ್ತಾನೆ ಎಂಬ ತಮ್ಮ ನಿಲುವನ್ನು ಬಿಟ್ಟುಕೊಡಲಿಲ್ಲ. ಇಳಿವಯಸ್ಸಿನಲ್ಲಿ ನಿಮಗೆ ಈ ವಿಷಯದಲ್ಲಿ ಇನ್ನೂ ಆಳದ ಅರಿವು ಸಿಗಲೆಂದು ಪ್ರಾರ್ಥಿಸುತ್ತೇನೆ ಎಂದರು ಪೋಪ್. ಇಬ್ಬರೂ ಮಣಿಯಲಿಲ್ಲ, ಇಬ್ಬರೂ ನೋಯಿಸಲಿಲ್ಲ. ಊರಿಗೆ ಬಂದ ಬಾರ್ತ್ ಪೋಪ್ ಕ್ರಿಸ್ತವಿರೋಧಿಯಲ್ಲ ಎಂದು ಬರೆದರು.

1968ರ ಡಿಸೆಂಬರ್ 9ರ ಸಂಜೆ ಅವರು ಮುಂದಿನ ತಿಂಗಳ ಉಪನ್ಯಾಸವೊಂದನ್ನು ಬರೆಯುತ್ತಿದ್ದರು. ಜ್ಯೂರಿಕ್‌ನಲ್ಲಿ ಕಥೋಲಿಕರೂ ಪ್ರೊಟೆಸ್ಟಂಟರೂ ಒಟ್ಟಿಗೆ ಕೂತು ಕೇಳಬೇಕಿದ್ದ ಮಾತು. ತಮಗಿಂತ ಮುಂಚೆ ವಿಶ್ವಾಸದಲ್ಲಿ ನಡೆದುಹೋದ ಹಿರಿಯರಿಗೆ ಸಭೆ ಕಿವಿಗೊಡಬೇಕು, ದೇವರಲ್ಲಿ ಅವರೆಲ್ಲ ಬದುಕಿದ್ದಾರೆ ಎಂಬ ಜಾಗಕ್ಕೆ ಬರಹ ಬಂದಿತ್ತು. ಪರಂಪರೆಗೆ ಕಿವಿಗೊಡಿ ಎಂದು ಕಥೋಲಿಕರು ನಾಲ್ಕು ಶತಮಾನ ಪ್ರೊಟೆಸ್ಟಂಟರಿಗೆ ಹೇಳುತ್ತ ಬಂದ ಮಾತು ಅದು. ಅಷ್ಟರಲ್ಲಿ ಫೋನ್ ಬಂತು, ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅಂದು ರಾತ್ರಿ ನಿದ್ದೆಯಲ್ಲೇ ತೀರಿಕೊಂಡರು.